ಆರಾಮ ಎಂದವರಿಗೆ ಕಾರ್ಡಿಲ್ಲ

ಫ್ರಾನ್ಸಿನಲ್ಲಿ ದೀರ್ಘಕಾಲದ ಕಾಯಿಲೆಯೊಂದು ಮನುಷ್ಯನಿಗೆ ಎರಡು ಸಲ ಬರುತ್ತದೆ: ಮೊದಲು ದೇಹಕ್ಕೆ, ಆಮೇಲೆ ಕಡತಕ್ಕೆ. ದೇಹಕ್ಕೆ ಬರುವಾಗ ಅದು ಯಾವ ದಾಖಲೆಯನ್ನೂ ಕೇಳುವುದಿಲ್ಲ. ಕಡತಕ್ಕೆ ಬರಬೇಕಾದರೆ ಮಾತ್ರ ಜನನ ಪ್ರಮಾಣಪತ್ರದಿಂದ ಆರಂಭಿಸಬೇಕಾಗುತ್ತದೆ. ‘ಆಫೆಕ್ಸಿಯೋಂ ದ ಲೋಂಗ್ ದ್ಯುರೇ’ ಎಂಬ ಅಧಿಕೃತ ಹೆಸರಿನ, ರೂಢಿಯಲ್ಲಿ ಎ.ಎಲ್.ಡಿ. ಎಂದು ಕರೆಯಲಾಗುವ ಏರ್ಪಾಡಿನ ಪ್ರಕಾರ, ಸರ್ಕಾರದ ಪಟ್ಟಿಯಲ್ಲಿರುವ ವ್ಯಾಧಿಗಳ ಪೈಕಿ ಒಂದಕ್ಕೆ ತುತ್ತಾದವರ ಚಿಕಿತ್ಸೆಯ ವೆಚ್ಚವನ್ನು ಸಾಮಾಜಿಕ ಭದ್ರತಾ ವಿಮೆ ನೂರಕ್ಕೆ ನೂರರಂತೆ ವಹಿಸಿಕೊಳ್ಳುತ್ತದೆ. 1945ರಲ್ಲಿ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಹುಟ್ಟಿದ ಈ ಭದ್ರತಾ ವ್ಯವಸ್ಥೆ ಆರಂಭದ ದಿನಗಳಲ್ಲಿ ಕ್ಷಯ, ಕ್ಯಾನ್ಸರ್, ಪೋಲಿಯೋ, ಮಾನಸಿಕ ಕಾಯಿಲೆ ಎಂಬ ನಾಲ್ಕನ್ನೇ ದೀರ್ಘವೆಂದು ಪರಿಗಣಿಸಿದ್ದಿತು. ಕಾಲಾಂತರದಲ್ಲಿ ಪಟ್ಟಿ ಬೆಳೆಯಿತು, 2011ರಲ್ಲಿ ತೀವ್ರ ರಕ್ತದೊತ್ತಡವನ್ನು ಅದರಿಂದ ಕೈಬಿಡಲಾಯಿತು, ಮತ್ತು ಆ ಸುದ್ದಿಯನ್ನು ಓದಿದ ರೋಗಿಗಳ ರಕ್ತದೊತ್ತಡ ಎಷ್ಟು ಏರಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕರ್ನಾಟಕದ ಮದುವೆಯೂಟದ ಪಂಕ್ತಿಯಲ್ಲಿ ಹೋಳಿಗೆ ಬೇಡವೆನ್ನಲು ನೆಪವಾಗಿಯೂ, ಬೇಕೆನ್ನಲು ಅಡ್ಡಿಯಾಗದೆಯೂ ಬಾಳಿಕೊಂಡು ಬಂದಿರುವ ಸಕ್ಕರೆ ಕಾಯಿಲೆಗೆ ಆ ಪಟ್ಟಿಯಲ್ಲಿ ಎಂಟನೆಯ ಸ್ಥಾನವಿದ್ದು, ಟುಲೂಸಿಗೋ ಗ್ರೆನೋಬಲ್‌ಗೋ ಉದ್ಯೋಗದ ಮೇಲೆ ಹೋದ ಕನ್ನಡಿಗರಲ್ಲಿ ಕೆಲವರಿಗೆ ತಮ್ಮ ಮನೆತನದ ಬಳುವಳಿಗೆ ಒಂದು ಕ್ರಮಸಂಖ್ಯೆಯಿದೆಯೆಂಬುದು ತಿಳಿಯುವುದೇ ಅಲ್ಲಿ.

ನೂರಕ್ಕೆ ನೂರು ಎಂಬ ಮಾತನ್ನು ಇಲ್ಲಿ ತುಸು ವಿವರಿಸಬೇಕು. ಅದು ವೈದ್ಯರು ಕೇಳುವ ಹಣದ ನೂರು ಭಾಗವಲ್ಲ, ಸರ್ಕಾರ ನಿಗದಿಪಡಿಸಿದ ದರದ ನೂರು ಭಾಗ. ಸಾಮಾನ್ಯ ವೈದ್ಯರ ಭೇಟಿಗೆ 2024ರ ಡಿಸೆಂಬರಿನಿಂದ 30 ಯೂರೋ ದರವಿದ್ದು, ಉಳಿದವರಿಗೆ ಅದರಲ್ಲಿ ನೂರಕ್ಕೆ 70ರಷ್ಟನ್ನು ಲೆಕ್ಕ ಹಾಕಿದರೆ ಎ.ಎಲ್.ಡಿ. ರೋಗಿಗೆ ಪೂರ್ಣ ಲೆಕ್ಕ ಹಾಕಲಾಗುತ್ತದೆ. ಆದರೆ ಆ ಪೂರ್ಣದಿಂದ ಪ್ರತಿ ಭೇಟಿಗೆ 2 ಯೂರೋ, ಪ್ರತಿ ಔಷಧದ ಡಬ್ಬಿಗೆ 1 ಯೂರೋ ಕಳೆಯಲಾಗುತ್ತದೆ, ಎರಡಕ್ಕೂ ವರ್ಷಕ್ಕೆ ತಲಾ 50 ಯೂರೋಗಳ ಮಿತಿಯೂ ಇರುತ್ತದೆ. ದರಕ್ಕಿಂತ ಹೆಚ್ಚು ಶುಲ್ಕ ಪಡೆಯಲು ಅನುಮತಿಯಿರುವ ತಜ್ಞರ ಬಳಿಗೆ ಹೋದರೆ ಹೆಚ್ಚಳವೆಲ್ಲ ರೋಗಿಯದು, ಅಥವಾ ‘ಮ್ಯುತ್ಯುಯೆಲ್’ ಎಂಬ ಪೂರಕ ವಿಮೆಯದು. ಪೂರ್ಣದಿಂದ ಪೂರ್ಣವನ್ನು ಕಳೆದರೂ ಪೂರ್ಣವೇ ಉಳಿಯುತ್ತದೆಂದು ಕೇಳಿ ಬೆಳೆದ ನಾಡಿನವರಿಗೆ, ಪೂರ್ಣದಿಂದ ಮೂರು ಯೂರೋ ಕಳೆದ ಮೇಲೂ ಅದನ್ನು ಪೂರ್ಣವೆಂದೇ ಕರೆಯುವ ಈ ಗಣಿತ ತೀರ ಅಪರಿಚಿತವೆನಿಸಲಾರದು.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಇಂಥ ರೋಗಿಗಳಿಗೆಂದೇ ಇರುವ ಔಷಧಚೀಟಿ. ಅದರ ನಡುವೆ ಅಡ್ಡಗೆರೆಯೊಂದಿದ್ದು, ಗೆರೆಯ ಮೇಲೆ ದೀರ್ಘವ್ಯಾಧಿಗೆ ಸಂಬಂಧಿಸಿದ ಔಷಧಗಳನ್ನೂ ಕೆಳಗೆ ಉಳಿದೆಲ್ಲವನ್ನೂ ವೈದ್ಯರು ಬರೆಯುತ್ತಾರೆ. ಮೇಲಿನದಕ್ಕೆ ನೂರು, ಕೆಳಗಿನದಕ್ಕೆ ಎಲ್ಲರಿಗೂ ಸಿಗುವಷ್ಟು. ಹೀಗಾಗಿ ಮಧುಮೇಹಿಯ ಇನ್ಸುಲಿನ್ ಗೆರೆಯ ಮೇಲಿನ ಪ್ರಜೆ, ಅವನ ನೆಗಡಿ ಗೆರೆಯ ಕೆಳಗಿನದು, ಮತ್ತು ಕಾಲಿನ ಗಾಯವೊಂದು ಸಕ್ಕರೆಯಿಂದ ಮಾಗದೆ ಉಳಿದಿದೆಯೋ ಅಥವಾ ಚಪ್ಪಲಿ ಕಚ್ಚಿದ್ದರಿಂದ ಆದದ್ದೋ ಎಂಬ ಪ್ರಶ್ನೆ ವೈದ್ಯಶಾಸ್ತ್ರದಿಂದ ಗಡಿವಿವಾದಕ್ಕೆ ಸರಿಯುತ್ತದೆ.

ಇಷ್ಟಾಗುವುದಕ್ಕೆ ಮೊದಲು ಹೊರದೇಶದವರಿಗೆ ಸಂಖ್ಯೆಯೊಂದು ಸಿಗಬೇಕು. ಎರಡು ಅಂಕಿಗಳ ತಾಳೆಕೀಲಿಯೂ ಸೇರಿ ಒಟ್ಟು 15 ಅಂಕಿಗಳ ಈ ಸಾಮಾಜಿಕ ಭದ್ರತಾ ಸಂಖ್ಯೆಯಲ್ಲಿ ಮೊದಲನೆಯದು ಗಂಡಸಿಗೆ 1, ಹೆಂಗಸಿಗೆ 2. ಆಮೇಲೆ ಹುಟ್ಟಿದ ವರ್ಷ, ತಿಂಗಳು. ಅನಂತರ ಹುಟ್ಟಿದ ಜಿಲ್ಲೆ ಮತ್ತು ಊರು. ಫ್ರಾನ್ಸಿನ ಹೊರಗೆ ಹುಟ್ಟಿದವರಿಗೆ ಜಿಲ್ಲೆಯ ಜಾಗದಲ್ಲಿ 99 ಬರುತ್ತದೆ, ಊರಿನ ಜಾಗದಲ್ಲಿ ದೇಶ ಬರುತ್ತದೆ. ಸಾಗರದಲ್ಲಿ ಹುಟ್ಟಿದವರಾಗಲಿ ಸಂಡೂರಿನಲ್ಲಿ ಹುಟ್ಟಿದವರಾಗಲಿ ಎಲ್ಲರೂ 223ರವರು. ಹುಟ್ಟಿದ ತಿಂಗಳಿನ ಪುರಾವೆಯಾಗಿ ಪ್ರಮಾಣೀಕೃತ ಭಾಷಾಂತರಕಾರರು ಫ್ರೆಂಚಿಗೆ ತಂದ ಜನನಪತ್ರವನ್ನು ಕೊಡಬೇಕಾಗಿದ್ದು, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ತಮ್ಮ ಅನುಕೂಲಕ್ಕೆ ಜೂನ್ 1 ಎಂದು ಬರೆದುಕೊಂಡ ಒಂದು ಇಡೀ ತಲೆಮಾರಿನ ಕನ್ನಡಿಗರು ಇಲ್ಲಿ ಪೇಚಿಗೆ ಸಿಲುಕುತ್ತಾರೆ. ಹೆಸರಿನ ಮುಂದಿನ ಇನಿಷಿಯಲ್ ಒಂದು ಊರೆಂದೂ ಇನ್ನೊಂದು ತಂದೆಯೆಂದೂ, ಎರಡರಲ್ಲಿ ಯಾವುದೂ ಮನೆತನದ ಹೆಸರಲ್ಲವೆಂದೂ ಕಚೇರಿಗೆ ವಿವರಿಸುವುದು ಬೇರೆಯೇ ಗ್ರಂಥವಾದೀತು.

ಸಂಖ್ಯೆ ದೊರೆತು ‘ಕಾರ್ತ್ ವಿತಾಲ್’ ಎಂಬ ಹಸಿರು ಕಾರ್ಡು ಕೈಗೆ ಬಂದ ಮೇಲೆ ಎ.ಎಲ್.ಡಿ. ನಿಜಕ್ಕೂ ಸುಲಭ. ರೋಗಿ ನೋಂದಾಯಿಸಿಕೊಂಡ ಮನೆವೈದ್ಯರು ಅರ್ಜಿಯನ್ನು ತಾವೇ ತುಂಬುತ್ತಾರೆ, ವಿಮಾಸಂಸ್ಥೆಯ ಸಲಹಾವೈದ್ಯರು ಒಪ್ಪಿಗೆ ಕೊಡುತ್ತಾರೆ, ರೋಗಿ ಕಾಯಿಲೆಯಿಂದಿರುವುದನ್ನು ಬಿಟ್ಟು ಬೇರೇನೂ ಮಾಡಬೇಕಾಗಿಲ್ಲ. ನಡೆಯಲು ಕಷ್ಟವಿರುವವರಿಗೆ ಸಿಗುವ ವಾಹನ ನಿಲುಗಡೆಯ ಕಾರ್ಡಿನ ಸಂಗತಿ ಹಾಗಲ್ಲ. ಅಲ್ಲಿ ರೋಗಿ ಬರೆಯಬೇಕು. 2005ರ ಕಾನೂನಿನಂತೆ ಪ್ರತಿ ಜಿಲ್ಲೆಯಲ್ಲೂ ಸ್ಥಾಪನೆಯಾದ, ಎಂ.ಡಿ.ಪಿ.ಎಚ್. ಎಂಬ ಅಂಗವಿಕಲರ ಜಿಲ್ಲಾಭವನಕ್ಕೆ 20 ಪುಟಗಳ ನಮೂನೆಯನ್ನು ಸಲ್ಲಿಸಬೇಕಾಗಿದ್ದು, ಅದರಲ್ಲಿ ‘ಪ್ರೊಜೆ ದ ವೀ’, ಅಂದರೆ ಬದುಕಿನ ಯೋಜನೆಯನ್ನು ನಿರೂಪಿಸಲು ಜಾಗ ಬಿಡಲಾಗಿದೆ. ಕಾರು ನಿಲ್ಲಿಸಲು ಜಾಗ ಕೇಳಿದವರಿಂದ ಬದುಕಿನ ಯೋಜನೆಯನ್ನು ನಿರೀಕ್ಷಿಸುವುದು ದೆಕಾರ್ತ್ ಹುಟ್ಟಿದ ದೇಶಕ್ಕೆ ಸಹಜವೇ ಇರಬಹುದು.

ಕನ್ನಡಿಗರ ನಿಜವಾದ ತೊಡಕು ಭಾಷೆಯಲ್ಲಿಲ್ಲ, ಸಂಸ್ಕಾರದಲ್ಲಿದೆ. ಹೇಗಿದ್ದೀರೆಂದು ಕೇಳಿದವರಿಗೆ, ಮಂಡಿಚಿಪ್ಪು ಕಳಚಿಬಿದ್ದಿದ್ದರೂ, ಆರಾಮವೆಂದು ಹೇಳಬೇಕೆಂದು ಕಲಿತವರು ಅವರು. ವೈದ್ಯರನ್ನು ಕಾಣುವ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರುಗೋಲನ್ನು ಕಾರಿನಲ್ಲೇ ಬಿಟ್ಟು, ಬಾಗಿಲಿನಿಂದ ಕುರ್ಚಿಯವರೆಗೆ ನೆಟ್ಟಗೆ ನಡೆದುಹೋಗುವವರು. ಕಾರ್ಡಿನ ಮುಖ್ಯ ಮಾನದಂಡಗಳಲ್ಲೊಂದು ಮನುಷ್ಯ 200 ಮೀಟರಿಗಿಂತ ಕಡಿಮೆ ದೂರ ನಡೆಯಬಲ್ಲನೆಂಬುದು. ಹೊರಗೆ ಹೋಗುವಾಗಲೆಲ್ಲ ಊರುಗೋಲೋ ಇನ್ನೊಬ್ಬರ ಕೈಯೋ ಬೇಕೆನ್ನುವುದೂ ಸಾಕಾಗುತ್ತದೆ. ಹೀಗೆ ನಡೆಯುವುದೇ ಪ್ರಶ್ನೆಯಾಗಿರುವ ಕಡೆ ‘ಹೇಗೋ ನಡೀತಾ ಇದೆ’ ಎಂದವರ ವೈದ್ಯಕೀಯ ಪತ್ರದಲ್ಲಿ ಅದೇ ದಾಖಲಾಗುತ್ತದೆ. ಅನುಭವಸ್ಥರು ಕೊಡುವ ಸಲಹೆಯೆಂದರೆ ತಿಂಗಳಿನ ಅತ್ಯಂತ ಕೆಟ್ಟ ದಿನವನ್ನು ನೆನೆದು ಬರೆಯಬೇಕೆಂಬುದು. ಅದು ಸುಳ್ಳಲ್ಲ, ಆದರೆ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆಂದು ನಂಬಿದವರ ಕೈ ಆ ಪುಟದಲ್ಲಿ ತಡವರಿಸುತ್ತದೆ.

ಅರ್ಜಿ ಹೋದ ಮೇಲೆ ಮೌನ. ಮೌನವು ಸಮ್ಮತಿಯ ಲಕ್ಷಣವೆಂದು ಪಾಠವಾದವರು ಇಲ್ಲಿ ಎಚ್ಚರ ವಹಿಸಬೇಕು, ಏಕೆಂದರೆ ಈ ಭವನ ನಾಲ್ಕು ತಿಂಗಳು ಸುಮ್ಮನಿದ್ದರೆ ಅರ್ಜಿ ತಿರಸ್ಕೃತವಾಯಿತೆಂದೇ ಅರ್ಥ. ಸರ್ಕಾರಿ ಕಚೇರಿಯ ಮೌನವನ್ನು ಒಪ್ಪಿಗೆಯೆಂದು ಭಾವಿಸತಕ್ಕದ್ದೆಂಬ ಸಾರದ ಕಾನೂನನ್ನು ಫ್ರಾನ್ಸ್ 2013ರಲ್ಲಿ ಮಾಡಿತು. ಜೊತೆಯಲ್ಲೇ ಅದಕ್ಕೆ ನೂರಾರು ಅಪವಾದಗಳನ್ನೂ ಮಾಡಿತು.

ಒಪ್ಪಿಗೆಯಾದರೆ ದೊರೆಯುವ ‘ಕಾರ್ತ್ ಮೊಬಿಲಿತೆ ಎಂಕ್ಲ್ಯುಝಿಯೋಂ’ 2017ರಿಂದ ಬಳಕೆಗೆ ಬಂದ ಪುಟ್ಟ ಪ್ಲಾಸ್ಟಿಕ್ ಕಾರ್ಡು. ಪಾಸ್‌ಪೋರ್ಟುಗಳನ್ನು ಮುದ್ರಿಸುವ ರಾಷ್ಟ್ರೀಯ ಮುದ್ರಣಾಲಯದಲ್ಲೇ ಇದೂ ತಯಾರಾಗುತ್ತದೆ, ಬೆಲೆಯಿಲ್ಲ. ಅದು ಕಾರಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಆದ್ದರಿಂದ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಅವಳ ಕಾರ್ಡನ್ನು ಮಾತ್ರ ಪೇಟೆಗೆ ಕರೆದೊಯ್ಯುವಂತಿಲ್ಲ. ಅದರ ಬಲದಿಂದ ಮೀಸಲು ಜಾಗಗಳಲ್ಲಷ್ಟೇ ಅಲ್ಲ, ಸಾರ್ವಜನಿಕ ರಸ್ತೆಯ ಎಲ್ಲ ನಿಲುಗಡೆ ಜಾಗಗಳಲ್ಲೂ ಹಣ ಕೊಡದೆ ಕಾರು ನಿಲ್ಲಿಸಬಹುದು, ನಗರಸಭೆ ಮಿತಿ ಹೇರಿದರೂ ಅದು 12 ಗಂಟೆಗಿಂತ ಕಡಿಮೆಯಿರುವಂತಿಲ್ಲ. ಅರ್ಹತೆಯಿಲ್ಲದೆ ಮೀಸಲು ಜಾಗವನ್ನು ಆಕ್ರಮಿಸಿದವರಿಗೆ 135 ಯೂರೋ ದಂಡವಿದ್ದು, ನನ್ನ ಜಾಗವನ್ನು ತೆಗೆದುಕೊಳ್ಳುವುದಾದರೆ ನನ್ನ ವೈಕಲ್ಯವನ್ನೂ ತೆಗೆದುಕೋ ಎಂಬರ್ಥದ ಫಲಕವೂ ಹಲವೆಡೆ ಕಾಣಸಿಗುತ್ತದೆ. ದಂಡಕ್ಕೆ ಜಗ್ಗದವರು ಆ ಫಲಕಕ್ಕೆ ಜಗ್ಗುತ್ತಾರೆಂಬುದು ಅದನ್ನು ನೆಟ್ಟವರ ಸದಾಶಯ.

ಆದರೆ 2018ರಲ್ಲಿ ನಿಲುಗಡೆಯ ಶುಲ್ಕ ವಸೂಲಿ ನಗರಸಭೆಗಳ ಪಾಲಿಗೆ ಬಂದ ತರುವಾಯ, ಪ್ಯಾರಿಸಿನಂಥ ಕಡೆ ಕ್ಯಾಮೆರಾ ಹೊತ್ತ ಕಾರುಗಳು ಬೀದಿಗಿಳಿದು ನಿಂತ ವಾಹನಗಳ ನಂಬರ್ ಪ್ಲೇಟುಗಳನ್ನು ಓದುತ್ತ ಸಾಗುತ್ತವೆ. ಅವು ಪ್ಲೇಟನ್ನು ಓದುತ್ತವೆ, ಮುಂಗಾಜಿನ ಹಿಂದೆ ಇಟ್ಟ ಕಾರ್ಡನ್ನು ನೋಡುವುದಿಲ್ಲ. ಹೀಗಾಗಿ ಶುಲ್ಕವೇ ಇಲ್ಲದವರ ಮನೆಗೂ ಶುಲ್ಕ ಕಟ್ಟಿಲ್ಲವೆಂಬ ನೋಟೀಸು ಬರುತ್ತದೆ. ಇದನ್ನು ತಪ್ಪಿಸಲು ಕಾರಿನ ಸಂಖ್ಯೆಯನ್ನು ಮುಂಚಿತವಾಗಿ ನೋಂದಾಯಿಸಿಕೊಳ್ಳುವ ಅವಕಾಶವನ್ನು ಕೆಲವು ನಗರಗಳು ಕಲ್ಪಿಸಿದ್ದು, ಅದಕ್ಕೂ ಅರ್ಜಿಯಿದೆ. ನೋಂದಾಯಿಸದವರು ಒಂದು ತಿಂಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು, ಅಲ್ಲಿಯೂ ಒಂದು ತಿಂಗಳ ಮೌನಕ್ಕೆ ಇಲ್ಲವೆಂದೇ ಅರ್ಥ. ಅದರ ಮೇಲೆ ಇಡೀ ದೇಶಕ್ಕೆ ಒಂದೇ ಆಗಿರುವ ನಿಲುಗಡೆ ನ್ಯಾಯಮಂಡಳಿಯ ಮೊರೆಹೋಗಬಹುದು. ಅದು ಇರುವುದು ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಲಿಮೋಜ್ ಪಟ್ಟಣದಲ್ಲಿ. ನಡೆಯಲಾರದವರು ಅಲ್ಲಿಗೆ ಹೋಗಬೇಕಾಗಿಲ್ಲ, ಬರೆದರೆ ಸಾಕು.