ಹಳೆಯ ಕಂಪ್ಯೂಟರಿನ ವಾರ್ಸಾ

ಬೈಲಹೊಂಗಲದಂಥ ಊರಿನಲ್ಲಿ ಟ್ರಂಕಿನ ತಳದಲ್ಲಿಟ್ಟು ಕಾಯುವ ಕಾಗದಗಳು ಕೆಲವೇ: ಹೊಲದ ಉತಾರ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ವಾಟ್ನಿ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಬಂಗಾರದ ಅಂಗಡಿಯ ಮಾಸಿದ ಪಾವತಿ. ನಮ್ಮ ಟ್ರಂಕಿನಲ್ಲಿ ಇವುಗಳ ಸಾಲಿಗೆ ಆಂಟಿವೈರಸ್ಸಿನ ಖಾಲಿ ಡಬ್ಬಿಯೊಂದು ಸೇರಿದೆ. ಒಳಗಿದ್ದ ಸಿ.ಡಿ. ಈಗ ಹಿತ್ತಲ ಪೇರಲ ಗಿಡದಲ್ಲಿ ಜೋತಾಡುತ್ತ ಗಿಳಿಗಳನ್ನು ಹೆದರಿಸುತ್ತಿದೆ. ಆ ಕೆಲಸವನ್ನಂತೂ ಚೆನ್ನಾಗಿಯೇ ಮಾಡುತ್ತಿದೆ. ಡಬ್ಬಿಯ ಬೆಲೆ ಇರುವುದು ಒಳಮೈಗೆ ಅಂಟಿದ ಚೀಟಿಯಲ್ಲಿ. ಅದರ ಮೇಲಿನ ಬೆಳ್ಳಿಬಣ್ಣವನ್ನು ನಾಣ್ಯದಿಂದ ಕೆರೆದರೆ ಸಿಗುವ ಅಕ್ಷರಮಾಲೆಗೆ ಕೀ ಎನ್ನುತ್ತಾರೆ. ಅದರಲ್ಲಿ ಸೊನ್ನೆ ಯಾವುದು, ಓ ಯಾವುದು ಎಂದು ಹೇಳಬಲ್ಲವರು ಡಬ್ಬಿ ಅಚ್ಚು ಹಾಕಿದವರೊಬ್ಬರೇ ಇರಬೇಕು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇಲ್ಲವೆಂದು ಮೈಕ್ರೋಸಾಫ್ಟ್ ಸಾರಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದೆಯೇ, ಪ್ರೊಸೆಸರ್ ಯಾವ ಕಾಲದ್ದು ಎಂದೆಲ್ಲ ಹೆಣ್ಣಿನ ಕಡೆಯವರ ಹಾಗೆ ವಿಚಾರಿಸುತ್ತದೆ. ಪ್ರತಿ ದಸರೆಗೂ ಭಂಡಾರ ಹಚ್ಚಿಸಿಕೊಂಡು ಹಳದಿಯಾದ ನನ್ನ ಯಂತ್ರ ಆ ಪರೀಕ್ಷೆಯಲ್ಲಿ ಪಾಸಾಗುವಂತಿರಲಿಲ್ಲ. ಹೊಸದು ಬಂತು. ಆಂಟಿವೈರಸ್ಸಿನ ಅವಧಿ ಇನ್ನೂ ಸಾಕಷ್ಟು ಉಳಿದಿತ್ತು. ಕೊಟ್ಟ ದುಡ್ಡನ್ನು ಹಾಗೇ ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ.

ಅಂಗಡಿಯ ಹುಡುಗನನ್ನು ಕೇಳಿದೆ.

"ಸರ್, ಹಳೇ ಮಷೀನ್ ಜೀವ ಇದ್ದಾಗನ ಬಿಡಿಸ್ಕೋರಿ. ಸತ್ತ ಮ್ಯಾಲೆ ಭಾಳ ತ್ರಾಸ್ ಐತಿ."

"ಏನ್ ಬಿಡಿಸ್ಕೋಬೇಕಪಾ?"

"ಲೈಸೆನ್ಸ್ ರೀ."

ಮೊದಲ ಸಲ ಕೀ ಒತ್ತಿದಾಗ ಆ ತಂತ್ರಾಂಶ ನಮ್ಮ ಯಂತ್ರದ ಡಿಸ್ಕು, ನೆಟ್‌ವರ್ಕ್ ಕಾರ್ಡು ಮುಂತಾದವುಗಳ ಗುರುತು ಹಿಡಿದು ದೂರದ ಸರ್ವರಿನಲ್ಲಿ ನೋಂದಾಯಿಸುತ್ತದೆ. ಅದೇ ಕೀಯನ್ನು ಬೇರೆ ಯಂತ್ರದಲ್ಲಿ ಒತ್ತಿದರೆ, ಇದು ಆಗಲೇ ಬಳಕೆಯಲ್ಲಿದೆ ಎಂಬ ಉತ್ತರ. ಹಳೆಯ ಯಂತ್ರ ಇಂಟರ್ನೆಟ್ಟಿನ ಮೂಲಕ ತಾನಾಗಿ ತನ್ನ ಹಕ್ಕು ಬಿಟ್ಟುಕೊಡಬೇಕು. ಆಮೇಲೆ ಹೊಸದರ ಹೆಸರು ಹಚ್ಚುತ್ತಾರೆ. ಹಳೆಯದು ಸುಟ್ಟುಹೋಗಿದ್ದರೆ ಬಿಲ್ಲು, ನೋಂದಾಯಿಸಿದ ಮೇಲ್, ಮೊಬೈಲ್ ನಂಬರ್ ಹಿಡಿದುಕೊಂಡು ಗ್ರಾಹಕ ಸೇವೆಯವರ ಕೈಕಾಲು ಹಿಡಿಯಬೇಕು. ಯಂತ್ರದ ಜೊತೆಗೇ ಬಂದ ಲೈಸೆನ್ಸಾದರೆ ಬಹಳ ಸಲ ಅದರ ಜೊತೆಗೇ ಹೋಗುತ್ತದೆ. ತಲಾಠಿಯ ಕಟ್ಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಇರುವಾಗಲೇ ವಾಟ್ನಿಯಾದರೆ ಒಂದು ಸಹಿಯಲ್ಲಿ ಮುಗಿಯುವ ಕೆಲಸ, ಹೋದ ಮೇಲೆ ಮಕ್ಕಳ ಹೆಸರು ಏರಿಸುವ ವಾರ್ಸಾ ಹಚ್ಚಲು ಎಷ್ಟು ಕಾಗದ ಬೇಕಾಗುತ್ತದೆಂದು ಅವರಿಗೆ ಗೊತ್ತು.

ವಾರ್ಸಾದ ತಂಟೆ ನಮ್ಮ ಸೀಮೆಗೆ ಹೊಸದೂ ಅಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಮೇಜಿಗೆ ಹೋಯಿತು. ಸಾಹೇಬನಿಗೆ ಆ ಪತ್ರದ ಮೇಲೇ ಅನುಮಾನ. ಸಹಿ ದೇಸಾಯಿಯದೇ ಹೌದೋ, ಮೈಮೇಲೆ ಪ್ರಜ್ಞೆ ಇದ್ದಾಗ ಹಾಕಿದ್ದೋ? ಅಂಗಡಿಯ ಹುಡುಗ ಇತಿಹಾಸ ಓದಿದವನಲ್ಲ, ಆದರೂ 'ಜೀವ ಇದ್ದಾಗನ' ಎಂಬ ಅವನ ಮಾತಿಗೆ ಎಂಥ ಆಧಾರವಿದೆ ನೋಡಿ. ಈಸ್ಟ್ ಇಂಡಿಯಾ ಕಂಪನಿ ದತ್ತಕವನ್ನು ಮಂಜೂರು ಮಾಡಲಿಲ್ಲ, ಖಜಾನೆಗೆ ಬೀಗಮುದ್ರೆ ಒತ್ತಿಸಿತು. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಮಂದಿ ಕೋಟೆಯ ಬಾಗಿಲಲ್ಲೇ ಉತ್ತರ ಕೊಟ್ಟರು, ಥ್ಯಾಕರೆ ಉಳಿಯಲಿಲ್ಲ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಗೆದ್ದು, ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟಿತು. 1829ರಲ್ಲಿ ಅವರು ತೀರಿಕೊಂಡದ್ದು ಇಲ್ಲೇ, ಸಮಾಧಿಯೂ ಇಲ್ಲೇ. ದತ್ತು ಮಕ್ಕಳಿಗೆ ಗಾದಿಯಿಲ್ಲ ಎಂಬ ನೀತಿಗೆ ಶಾಲೆಯ ಪುಸ್ತಕಗಳು 1848ರ ಡಾಲ್‌ಹೌಸಿಯ ಹೆಸರು ಹೇಳುತ್ತವೆ; ಕಿತ್ತೂರಿನವರು ಅದರ ರುಚಿಯನ್ನು ಎರಡು ದಶಕಕ್ಕೂ ಮೊದಲೇ ಕಂಡಿದ್ದರು. ಅದರ ಪಕ್ಕದಲ್ಲಿ ನನ್ನ ಡಬ್ಬಿಯನ್ನಿಡುವುದು ಅಧಿಕಪ್ರಸಂಗ, ಒಪ್ಪುತ್ತೇನೆ. ಆದರೂ ಪರದೆಯ ಮೇಲೆ 'ಕಂಪನಿಯ ಷರತ್ತುಗಳಿಗೆ ಒಪ್ಪಿದ್ದೇನೆ' ಎಂಬ ಚೌಕಕ್ಕೆ ಗುರುತು ಹಾಕುವಾಗ ಬೈಲಹೊಂಗಲದವನ ಬೆರಳು ಒಂದು ಕ್ಷಣ ತಡೆಯುವುದು ಸಹಜ.

ಇಷ್ಟಕ್ಕೂ ಈ ವೈರಸ್ ಔಷಧಿ ಏಕೆ ಬೇಕು? ಸವದತ್ತಿಗೆ ಹೋಗಿ ಬಂದ ಪೆನ್ ಡ್ರೈವನ್ನು ಒಮ್ಮೆ ನೋಡಬೇಕು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳ ಮಂದಿ ಸೇರುತ್ತಾರೆ; ಕೆಳಗೆ ಪೇಟೆಯಲ್ಲಿ ಫೋಟೋ ತೆಗೆಸುವುದು, ಪ್ರಿಂಟ್ ಹಾಕಿಸುವುದು, ಹಾಡು ತುಂಬಿಸುವುದು ನಡೆದೇ ಇರುತ್ತದೆ. ಎಷ್ಟೋ ಊರಿನ ಪೆನ್ ಡ್ರೈವುಗಳು ಒಂದೇ ತೂತಿನಲ್ಲಿ ಮೂಗು ತೂರಿಸಿ ಬಂದಿರುತ್ತವೆ. ಮನೆಗೆ ತಂದು ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್! ಒಂದೊಂದರ ಕಾಲಬುಡದಲ್ಲೂ ಒಂದು ಬಾಗಿದ ಬಾಣ. ಅಸಲು ಫೋಟೋಗಳು ಅಲ್ಲೇ ಅಡಗಿ ಕೂತಿರುತ್ತವೆ. ಬಾಣವನ್ನು ಒತ್ತಿದವನಿಗೆ ವೈರಸ್ಸೇ ಪ್ರಸಾದ.

ಪರ್ಸನಲ್ ಕಂಪ್ಯೂಟರಿನ ಮೊದಲ ವೈರಸ್ಸುಗಳಲ್ಲಿ ಹೆಸರಾದದ್ದು 1986ರ 'ಬ್ರೇನ್'. ಬರೆದವರು ಲಾಹೋರಿನಲ್ಲಿ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್. ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನು ಅದರೊಳಗೇ ಬರೆದಿಟ್ಟಿದ್ದರಂತೆ. ಎಂಥ ಮರ್ಯಾದಸ್ಥ ಕಾಲ! ಈಗಿನ ಕಳ್ಳರಿಂದ ಇಷ್ಟು ಸೌಜನ್ಯ ನಿರೀಕ್ಷಿಸುವಂತಿಲ್ಲ. ಔಷಧಿಯ ಕಡೆಯಲ್ಲೂ ಅಣ್ಣತಮ್ಮಂದಿರೇ. ಪುಣೆಯಲ್ಲಿ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್ ತಮ್ಮ ಸಂಜಯನನ್ನು ಕಂಪ್ಯೂಟರ್ ಓದಿಸಿದರು. ತಮ್ಮ ಬರೆದ ವೈರಸ್ ಮದ್ದು 1990ರ ದಶಕದಲ್ಲಿ ಕ್ವಿಕ್ ಹೀಲ್ ಆಯಿತು, 2016ರಲ್ಲಿ ಷೇರುಪೇಟೆಗೂ ಹೋಯಿತು. ವಾಟ್ನಿಗಾಗಿ ಕೋರ್ಟಿಗೆ ಅಲೆಯುವ ನಮ್ಮ ಅಣ್ಣತಮ್ಮಂದಿರಿಗೆ ಇದನ್ನು ಹೇಳಬೇಕೆನ್ನಿಸುತ್ತದೆ, ಹೇಳುವುದಿಲ್ಲ.

ಲೈಸೆನ್ಸ್ ಬಿಡಿಸಿಕೊಳ್ಳುವ ಕೆಲಸ ಸರಳವಾಗಿಯೇ ಆಯಿತು. ಹಳೆಯದು ಚಾಲೂ ಆಗುವಷ್ಟರಲ್ಲಿ ಚಹಾ ಕುದಿದು ಇಳಿಯಿತು, ಅಷ್ಟೇ. 'ಡಿಆಕ್ಟಿವೇಟ್' ಒತ್ತಿದೆ. ನಿಜವಾಗಿಯೂ ಬೇಕೇ ಎಂದು ಕೇಳಿತು. ಹೌದೆಂದೆ. ಇಷ್ಟು ವರ್ಷ ಕಾಯ್ದವನು ಹೊರಟ ಕೂಡಲೇ ವಿಂಡೋಸಿನೊಳಗೇ ಇರುವ ಡಿಫೆಂಡರ್ ತಾನಾಗಿ ಎದ್ದು ಕೂತಿತು, ಯಾರೂ ಕರೆದಿರಲಿಲ್ಲ. ಬಹುಪಾಲು ಮನೆಗಳಿಗೆ ಅದೊಂದೇ ಸಾಕಲ್ಲವೇ ಎಂದು ಬಲ್ಲವರು ಹೇಳುತ್ತಾರೆ, ಸಾಕಿರಲೂಬಹುದು. ನಾನು ದುಡ್ಡು ಕೊಟ್ಟಾಗಿತ್ತು. ಹೊಸ ಯಂತ್ರದಲ್ಲಿ ಬೇರೊಂದು ಕಂಪನಿಯ ಆಂಟಿವೈರಸ್ ಪುಕ್ಕಟೆ ಪರೀಕ್ಷಾರ್ಥವೆಂದು ಮೊದಲೇ ಬೀಡುಬಿಟ್ಟಿತ್ತು. ಎರಡು ಕಾವಲುಗಾರರು ಒಂದೇ ಮನೆಯಲ್ಲಿದ್ದರೆ ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿಯುತ್ತಾರೆ. ಅದನ್ನು ತೆಗೆದುಹಾಕಿ, ಸೊನ್ನೆಯನ್ನು ಓ ಮಾಡಿ, ಓವನ್ನು ಸೊನ್ನೆ ಮಾಡಿ, ಕೀ ಹೊಂದಿಸಿದ್ದಾಯಿತು. ವರ್ಗಾವಣೆಯ ನೆವದಲ್ಲಿ ಎಣಿಕೆ ಹೊಸದಾಗಿ ಶುರುವಾದೀತೆಂಬ ಆಸೆಯಿತ್ತು. ಇಲ್ಲ, ಉಳಿದ ದಿನಗಳು ಮಾತ್ರ.

ಅಷ್ಟರಲ್ಲಿ ರಾಮದುರ್ಗದಿಂದ ಅಕ್ಕನ ಮಗನ ಫೋನು. ಅವನ ಊರು 1948ರಲ್ಲಿ ಸಂಸ್ಥಾನದಿಂದ ಮುಂಬಯಿ ಪ್ರಾಂತ್ಯಕ್ಕೆ, 1956ರಲ್ಲಿ ಮುಂಬಯಿಯಿಂದ ಮೈಸೂರಿಗೆ ಹಸ್ತಾಂತರವಾದ ಊರು. ಅಲ್ಲಿಯವರಿಗೆ ವರ್ಗಾವಣೆ ಎಂದರೆ ಅಂಜಿಕೆಯಿಲ್ಲ.

"ಮಾಮಾ, ಹಳೇ ಕಂಪ್ಯೂಟರ್ ನಮ್ಮ ಅಂಗಡಿ ಲೆಕ್ಕಕ್ಕ ಕೊಟ್ಟಬಿಡ್ರಿ."

"ಒಯ್ಯಪಾ. ನೆಟ್ ಮಾತ್ರ ಹಚ್ಚಬ್ಯಾಡ."

"ಆಂಟಿವೈರಸ್ ಐತ್ರೆಲಾ ಅದರಾಗ?"

"ಇಲ್ಲ. ಬಿಡಿಸ್ಕೊಂಡೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರ ಆ ಡಬ್ಬಿನೂ ಕೊಡ್ರಿ ಮಾಮಾ. ನಾ ನೋಡ್ತೀನಿ."