ಸರ್ವರ್ ಭಾವ

ಸೊರಬ ಸೀಮೆಯಲ್ಲಿ ಊರಿಗೊಬ್ಬ ಸರ್ವರ್ ಭಾವ ಇದ್ದೇ ಇರುತ್ತಾನೆ. ಹೊಸಬಾಳೆಯ ನಮ್ಮ ಭಾವ ಬೆಂಗಳೂರಿನಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದು, ಈಗ ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತವನು. ಬ್ಯಾಂಕಿನಲ್ಲಿ ಸರ್ವರ್ ಇಲ್ಲ ಎಂದರೆ ಸಾಕು, ಪಾಸ್‌ಬುಕ್ ಹಿಡಿದವರೆಲ್ಲ ಇವನ ಜಗಲಿ ಹತ್ತುತ್ತಾರೆ, ಇವನೇ ಎಲ್ಲೋ ಮುಚ್ಚಿಟ್ಟಿದ್ದಾನೆ ಎನ್ನುವ ಹಾಗೆ. ಭಾವನಿಗೂ ಅಂದೇ ಹಬ್ಬ.

“ನೋಡಿ ಹೆಗಡೇರೆ, ನಿಮ್ಮ ಖಾತೆ ಒಂದು ಆಬ್ಜೆಕ್ಟು. ಅದು ಸೊರಬದಲ್ಲಿಲ್ಲ, ದೂರದ ಕಂಪ್ಯೂಟರಿನಲ್ಲಿದೆ. ಕೌಂಟರಿನಲ್ಲಿರೋದು ಅದರ ಸ್ಟಬ್ಬು, ಬರೀ ಪ್ರತಿನಿಧಿ. ನೀವು ಹೇಳಿದ್ದನ್ನ ಅದು ಅಲ್ಲಿಗೆ ದಾಟಿಸುತ್ತೆ. ಹೀಗೆ ದಾಟಿಸೋಕೇ 1991ರಲ್ಲಿ ಕೋರ್ಬಾ ಬಂತು, 1997ರಲ್ಲಿ ಜಾವಾದ ಆರ್‌ಎಂಐ. ಕೆಲಸ ಎಲ್ಲಿ ಆಯ್ತು ಅಂತ ಕರೆದವನಿಗೆ ಗೊತ್ತಾಗಬಾರದು, ಅದೇ ಅದರ ಚಂದ.”

ಹೆಗಡೇರು ಕವಳ ಉಗಿದು ಬಂದು ಕೇಳಿದರು: “ಅಂದ್ರೆ ನನ್ನ ದುಡ್ಡು ಎಲ್ಲಿದೆ ಅಂತ ನನಗೂ ಗೊತ್ತಾಗಬಾರದಾ?”

ಭಾವ ಸಂಸಾರ ನಡೆಸುವುದೂ ಇದೇ ತತ್ವದ ಮೇಲೆ. ಜಗಲಿಯಿಂದ “ಒಂದು ಲೋಟ ಚಾ” ಎಂದು ಕೂಗುತ್ತಾನೆ. ಹಾಲು ಕರೆದವರಾರು, ಒಲೆ ಹಚ್ಚಿದವರಾರು, ಅವನಿಗೆ ಬೇಡ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೂಗುತ್ತಾನೆ. ಎರಡು ಲೋಟ ಬರುತ್ತವೆ. ಬ್ಯಾಂಕಿನಲ್ಲಾದರೆ ಇದು ಒಂದೇ ಬಾಬ್ತಿಗೆ ಎರಡು ಸಲ ಹಣ ಕಡಿತ. ಅದಕ್ಕೇ ಅಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ನಂಬರು. ಅದೇ ನಂಬರು ಮತ್ತೆ ಬಂದರೆ ಕಂಪ್ಯೂಟರು ಕೈಯಾಡಿಸುವುದಿಲ್ಲ. ಮನೆಯಲ್ಲಿ ನಂಬರಿನ ಪದ್ಧತಿ ಇಲ್ಲವಾಗಿ ಭಾವ ಎರಡನ್ನೂ ಕುಡಿಯುತ್ತಾನೆ.

ಪಕ್ಕದವನನ್ನು ಕರೆಯುವುದೂ ದೂರದವನನ್ನು ಕರೆಯುವುದೂ ಒಂದೇ ಅಲ್ಲ, ದೂರದ ಕರೆ ತಡವಾದೀತು, ಅರ್ಧಕ್ಕೇ ಕೆಟ್ಟೀತು ಎಂದು ಸನ್ ಕಂಪನಿಯ ಜಿಮ್ ವಾಲ್ಡೋ ಮತ್ತು ಸಂಗಡಿಗರು 1994ರಲ್ಲೇ ಎಚ್ಚರಿಸಿದ್ದರು. ಭಾವನಿಗೆ ಅದು ಬಾಯಿಪಾಠ. ಅಕ್ಕನಿಗೆ ಮಾತ್ರ ಪಕ್ಕದಲ್ಲೇ ಕೂತವನೂ ದೂರದವನೇ ಎಂದು ಮದುವೆಯಾದ ವರ್ಷವೇ ಖಾತ್ರಿಯಾಗಿತ್ತು.

ಮೊನ್ನೆ ಹೆಗಡೇರಿಗೆ ಎಟಿಎಂ ದುಡ್ಡು ಕೊಡಲಿಲ್ಲ, ಖಾತೆಯಿಂದ ಮಾತ್ರ ಹೋಯಿತು. ಭಾವ ಧೈರ್ಯ ಹೇಳಿದ: “ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ಐದು ದಿನದೊಳಗೆ ವಾಪಸ್ ಹಾಕಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ ನೂರು ರೂಪಾಯಿ ದಂಡ!”

ಒಳಗಿನಿಂದ ಅಕ್ಕ ಕೈಯೊರೆಸಿಕೊಳ್ಳುತ್ತ ಬಂದಳು. “ಅಡಿಕೆ ಕೊಯ್ಯೋ ಕೊನೆಗೌಡನಿಗೆ ಹೇಳಿ ಬರ್ತೀನಿ ಅಂದು ಇವತ್ತಿಗೆ ಏಳು ದಿನ. ಐದು ಕಳೀರಿ. ಇನ್ನೂರು ರೂಪಾಯಿ ಇಡಿ, ನಗದು.”