ಬೀಳುವುದಕ್ಕೂ ಒಂದು ಏರ್ಪಾಡು

ನಮ್ಮ ಹಳಿಯಾಳದ ಕಡೆ ಆಕಾಶದಲ್ಲಿ ಹೆಲಿಕಾಪ್ಟರ್ ಸದ್ದಾಯಿತೆಂದರೆ ಚುನಾವಣೆ ಬಂತೆಂದೇ ಲೆಕ್ಕ. ದಾಂಡೇಲಿಯಲ್ಲಾದರೆ ಅದು ಮಂಗಟ್ಟೆಯೂ ಇರಬಹುದು. ದೊಡ್ಡ ಮಂಗಟ್ಟೆಯ ರೆಕ್ಕೆಸದ್ದಿಗೆ ಹೊಸ ಪ್ರವಾಸಿಗರು ಬೆಚ್ಚಿ ತಲೆಯೆತ್ತುವುದನ್ನು ನೋಡಬೇಕು. ಇವೆರಡರ ಜೊತೆಗೆ ಈಗ ಮೂರನೆಯದೊಂದು ಸೇರಿದೆ: ಮೊಳದುದ್ದದ, ರಿಮೋಟಿನಿಂದ ಹಾರುವ ಹೆಲಿಕಾಪ್ಟರ್. ಅದರ ಮಾಲೀಕ ನಮ್ಮಕ್ಕನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಆ ಯಂತ್ರ ಗಾಳಿಯಲ್ಲಿದ್ದದ್ದಕ್ಕಿಂತ ಊಟದ ಟೇಬಲ್ಲಿನ ಮೇಲೆ ಬಿಚ್ಚಿಕೊಂಡು ಮಲಗಿದ್ದೇ ಹೆಚ್ಚು. ಅಕ್ಕ ಪಲ್ಯದ ಪಾತ್ರೆ ಇಡಬೇಕೆಂದರೆ ಮೊದಲು ಅದರ ಬಾಲವನ್ನು ಪಕ್ಕಕ್ಕೆ ಸರಿಸಬೇಕು.

ರಿಮೋಟ್ ವಿಮಾನ ತಕ್ಕಮಟ್ಟಿಗೆ ಸಾಧು ಪ್ರಾಣಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೂ ತೇಲಿಕೊಂಡು ಹೋಗುತ್ತದೆ. ಹೆಲಿಕಾಪ್ಟರಿಗೆ ಆ ತಾಳ್ಮೆ ಇಲ್ಲ. ಮೇಲಿನ ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ ಅದರ ಮೈ ಇನ್ನೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ತಡೆಯುವುದು ಬಾಲದ ಪುಟ್ಟ ರೆಕ್ಕೆ. ಥ್ರಾಟಲ್ ಒಂಚೂರು ಏರಿಸಿದರೂ ಬಾಲದ ಲೆಕ್ಕ ತಪ್ಪುತ್ತದೆ. ಈ ಕ್ಷಣಕ್ಷಣದ ತಿದ್ದುಪಡಿ ಮನುಷ್ಯರ ಹೆಬ್ಬೆರಳಿಗೆ ಆಗದ ಕೆಲಸವೆಂದು ಅದನ್ನು ಜೈರೋ ಎಂಬ ಸೆನ್ಸರಿಗೆ ವಹಿಸಿದ್ದಾರೆ.

"ಮಾಮಾ, ಇದ್ರಾಗ ಸಿಕ್ಸ್ ಆಕ್ಸಿಸ್ ಜೈರೋ ಐತಿ. ಸ್ಟಿಕ್ ಬಿಟ್ರ ತಾನ ನೆಟ್ಟಗ ನಿಲ್ತೈತಿ," ಎಂದ ಹುಡುಗ.

ನೆಟ್ಟಗೆ ನಿಲ್ಲುತ್ತದೆ, ನಿಜ. ಆದರೆ ನಿಂತಲ್ಲೇ ನಿಲ್ಲುವುದಿಲ್ಲ. ತಾನು ಎಷ್ಟು ವಾಲಿದ್ದೇನೆ, ಎಷ್ಟು ಬೇಗ ತಿರುಗುತ್ತಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತು. ತಾನು ಯಾರ ಹಿತ್ತಲಲ್ಲಿದ್ದೇನೆ ಎಂಬುದು ಗೊತ್ತಿಲ್ಲ. ಗಾಳಿ ಬೀಸಿದರೆ ನೆಟ್ಟಗೆ ನಿಂತುಕೊಂಡೇ ಪಕ್ಕದವರ ತೆಂಗಿನಮರದತ್ತ ಹೊರಡುತ್ತದೆ. ಜಿಪಿಎಸ್ ಇರುವ ಮದುವೆಮನೆಯ ಡ್ರೋನ್ ನೋಡಿ ಬಂದವರು ಮೋಸಹೋಗುವುದು ಇಲ್ಲೇ. ಕೆಲವು ಯಂತ್ರಗಳಲ್ಲಿ ರೆಸ್ಕ್ಯೂ ಎಂಬ ಸ್ವಿಚ್ಚೂ ಇರುತ್ತದೆ. ಒತ್ತಿದರೆ ಮಗುಚಿದ್ದು ಎದ್ದು ಮೇಲಕ್ಕೇರುತ್ತದೆ, ಏಳುವುದಕ್ಕೆ ಕೆಳಗೆ ಜಾಗ ಉಳಿದಿದ್ದರೆ.

ಇನ್ನು ಫೇಲ್‌ಸೇಫ್. ರಿಮೋಟಿನ ಸಿಗ್ನಲ್ ಕಡಿದಾಗ ರಿಸೀವರ್ ಏನು ಮಾಡಬೇಕು ಎಂದು ಮೊದಲೇ ಹೇಳಿಟ್ಟ ಮಾತು ಅದು. ಏನೂ ಹೇಳದಿದ್ದರೆ ಕೆಲವು ರಿಸೀವರ್‌ಗಳು ಕೊನೆಗೆ ಕೇಳಿದ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಹುಡುಗನಿಗೆ ಮುಂಡಗೋಡದ ಕಡೆಯ ಗೆಳೆಯನೊಬ್ಬನಿದ್ದಾನೆ. ಅವನ ತರ್ಕವೇ ಬೇರೆ. ಸಿಗ್ನಲ್ ಹೋದರೆ ಹೆಲಿಕಾಪ್ಟರ್ ಬೀಳುವುದ್ಯಾಕೆ, ಗಾಳಿಯಲ್ಲೇ ನಿಂತಿರಲಿ, ಆಮೇಲೆ ಹೋಗಿ ಇಳಿಸಿಕೊಂಡರಾಯಿತು ಎಂದು ಥ್ರಾಟಲ್ ನಡುವಿಗಿಟ್ಟು ಫೇಲ್‌ಸೇಫ್ ಸೆಟ್ ಮಾಡಿದ್ದ. ಹೊಸದಾಗಿ ಕಲಿಯುವವರಿಗೆಲ್ಲ ಈ ಮೋಹ ಇದ್ದದ್ದೇ. ದುಡ್ಡು ಕೊಟ್ಟು ತಂದ ಯಂತ್ರ ಉಳಿಯಬೇಕು. ಆದರೆ ಫೇಲ್‌ಸೇಫ್ ಇರುವುದು ಯಂತ್ರದ ಹಿತಕ್ಕಲ್ಲ, ಕೆಳಗಿರುವವರ ಹಿತಕ್ಕೆ. ನಿಜವಾದ ಹೆಲಿಕಾಪ್ಟರಿನ ಎಂಜಿನ್ ಕೆಟ್ಟರೂ ಪೈಲಟ್ ರೆಕ್ಕೆಯ ಕೋನ ಇಳಿಸಿ, ಕೆಳಗಿನಿಂದ ನುಗ್ಗುವ ಗಾಳಿಗೇ ಅದನ್ನು ತಿರುಗಲು ಬಿಟ್ಟು ನೆಲ ಮುಟ್ಟಿಸಬಲ್ಲ. ನುರಿತವರು ಮಾಡೆಲ್‌ನಲ್ಲೂ ಅದನ್ನು ಮಾಡುತ್ತಾರೆ. ಸಿಗ್ನಲ್ಲೇ ಹೋದಮೇಲೆ ಮಾಡುವ ಕೈ ಎಲ್ಲಿಂದ ಬರಬೇಕು?

ನಮ್ಮ ಹುಡುಗ ಮಾತ್ರ ಸಿಗ್ನಲ್ ಹೋದರೆ ಮೋಟಾರೇ ನಿಲ್ಲುವಂತೆ ಫೇಲ್‌ಸೇಫ್ ಇಟ್ಟಿದ್ದ. ಅದರ ಪರೀಕ್ಷೆ ನಡೆದದ್ದು ಊಟದ ಟೇಬಲ್ಲಿನ ಮೇಲೆಯೇ. ಹುಡುಗ ಸ್ಕ್ರೂ ಬಿಚ್ಚಿ ಮೇಲಿನ ಎರಡೂ ಬ್ಲೇಡ್ ತೆಗೆದ, ಬಾಲದ್ದನ್ನೂ ಕಳಚಿದ. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ಮುಗಿಸುವಾಗ ಇದರ ತಿರುಗುಮುರುಗು. ಸ್ಕಿಡ್ ಎಂಬ ಅದರ ಕಾಲುಗಳನ್ನು ಒತ್ತಿ ಹಿಡಿದು ಥ್ರಾಟಲ್ ತುಸು ಏರಿಸಿದ. ಬೋಳು ತಲೆ ಗುಂಯ್ಯೆಂದು ತಿರುಗಿತು. ಆಗ, ಪರೀಕ್ಷೆಗೆಂದೇ, ರಿಮೋಟ್ ಆರಿಸಿದ. ಗುಂಯ್ ನಿಂತಿತು.

"ಮ್ಯಾಲಿದ್ದಾಗ ಹಿಂಗ ನಿಂತ್ರ ಬೀಳ್ತೈತಲ್ಲೋ?" ಅಕ್ಕ ಕೇಳಿದಳು.

"ಬೀಳಲಂತನ ಇಟ್ಟದ್ದಬೇ ಅದು!"

ಇಷ್ಟೆಲ್ಲ ಮಾಡಿ ಬೀಳಿಸುವುದಕ್ಕೆ ದುಡ್ಡು ಯಾಕೆ ಹಾಕಿದಿ ಎಂಬ ಅಕ್ಕನ ಮುಂದಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಈ ಎಚ್ಚರಿಕೆ ಬರೀ ಅಂಜುಬುರುಕರ ಮಾತಲ್ಲ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಪಾರ್ಕೊಂದರಲ್ಲಿ 19 ವರ್ಷದ ಹುಡುಗನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ಬ್ಲೇಡು ತಲೆಗೆ ಬಡಿದು ಸತ್ತ. ಅವನೇನೂ ಹೊಸಬನಲ್ಲ. ಅದು ದೊಡ್ಡ ಯಂತ್ರ ನಿಜ, ಆದರೆ ಸಣ್ಣದರ ಬ್ಲೇಡೂ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ಹೊಡೆಯುತ್ತದೆ. ಮೋಟಾರನ್ನು ಒಂದೇ ಏಟಿಗೆ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಎಲ್ಲಿದೆಯೆಂದು ಬೆರಳಿಗೆ ಕಣ್ಣುಮುಚ್ಚಿಯೂ ಗೊತ್ತಿರಬೇಕು. ಕಲಿಯುವಾಗ ಅದರ ಬಾಲ ನಮ್ಮ ಕಡೆಗಿರಬೇಕು. ಮುಖ ನಮ್ಮತ್ತ ತಿರುಗಿತೋ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಕೈ ಗಾಬರಿಬೀಳುತ್ತದೆ.

ಹಾರಿಸುವುದಾದರೂ ಎಲ್ಲಿ? 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನ ನ್ಯಾನೋ ವರ್ಗದ ಯಂತ್ರಗಳನ್ನು ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಆದರೆ ಕಾಡು ತೂಕ ನೋಡುವುದಿಲ್ಲ. ಜೋಯಿಡಾದ ಬಹುಭಾಗ, ದಾಂಡೇಲಿಯ ಸುತ್ತಮುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಅಲ್ಲಿ ಹಾರಿಸಿದರೆ ಮಂಗಟ್ಟೆಗಿಂತ ಮೊದಲು ಗಾರ್ಡ್ ಬರುತ್ತಾನೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಸುತ್ತಲ ಗೋವಿನಜೋಳದ ಹೊಲಗಳು ವಿಶಾಲ, ಆದರೆ ಬಯಲಾದ್ದರಿಂದ ಗಾಳಿ ಜೋರು. ನನ್ನ ಕೇಳಿದರೆ ಹಳಿಯಾಳದ ಭತ್ತದ ಗದ್ದೆಯೇ ಸೈ. ಕೊಯ್ಲು ಮುಗಿದ ಮೇಲೆ, ಬೆಳಗಿನ ಜಾವ, ಗಾಳಿ ಏಳುವ ಮೊದಲು. ಬಿದ್ದರೂ ಕೂಳೆಯ ಮೇಲೆ.

ತೊಂದರೆಯೆಂದರೆ ಇಲ್ಲಿ ಭತ್ತದ ಪಕ್ಕದಲ್ಲೇ ಕಬ್ಬು. ಮುಂಡಗೋಡದ ಗೆಳೆಯ ಅಂಥದ್ದೇ ಒಂದು ಗದ್ದೆಗೆ ತನ್ನ ಯಂತ್ರ ತಂದ. ಅದು ಏರಿತು, ಮೂತಿ ಅವನತ್ತ ತಿರುಗಿತು, ಅವನು ಗಾಬರಿಯಾಗಿ ರಿಮೋಟನ್ನೇ ಆಫ್ ಮಾಡಿಬಿಟ್ಟ. ಥ್ರಾಟಲ್ ನಡುವಿನಲ್ಲಿತ್ತು, ಜೈರೋ ತನ್ನ ಧರ್ಮ ಪಾಲಿಸಿತು. ಹೆಲಿಕಾಪ್ಟರ್ ಚೂರೂ ವಾಲದೆ, ಬಹಳ ಶಿಸ್ತಿನಿಂದ, ಬದು ದಾಟಿ ಆಳೆತ್ತರದ ಕಬ್ಬಿನ ಮೇಲೆ ಸಾಗಿ ಎಲ್ಲೋ ಇಳಿಯಿತು.

ಕಬ್ಬಿನ ಗರಿ ಮೈ ಕೊಯ್ಯುವಷ್ಟು ಹುಡುಕಿ ಸೋತು ಹೊರಬಂದ ಹುಡುಗರನ್ನು ಹೊಲದ ಯಜಮಾನರೇ ಸಮಾಧಾನ ಮಾಡಿದರು:

"ಕಟಾವಿನ ಗ್ಯಾಂಗ್ ಬರೂದೈತಿ, ಆವಾಗ ಸಿಗತೈತಿ ಬಿಡ್ರೋ ತಮ್ಮಾ. ಕಬ್ಬಿನ ಸಂಗಾಟ ಫ್ಯಾಕ್ಟರಿಗೆ ಹೋಗ್ಲಿಲ್ಲಂದ್ರ."